ಮನೆಯೊಳಗಿನ ಗಟ್ಟಿಗಿಡಗಳು



ನಮ್ಮ ನಾಡಿನ ಅನೇಕ ಮನೆಗಳಲ್ಲಿ ದೃಷ್ಟಿ ತಾಗದಿರಲೆಂದು ಲೋಳೆಸರದ ಗಿಡವೊಂದನ್ನು ಬೇರುಸಹಿತ ಕಿತ್ತು, ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟುವ ವಾಡಿಕೆಯುಂಟು. ಅದಕ್ಕೆ ಮಣ್ಣಿಲ್ಲ, ನೀರೆರೆಯುವವರಿಲ್ಲ. ಆದರೂ ಅದು ತಿಂಗಳುಗಟ್ಟಲೆ ಹಸುರಾಗಿಯೇ ಇದ್ದು, ತನ್ನ ತುದಿಯನ್ನು ಮೆಲ್ಲಮೆಲ್ಲನೆ ಮೇಲಕ್ಕೆ ಬಾಗಿಸಿಕೊಳ್ಳುವುದನ್ನು ತಾವು ನೋಡಿರಬಹುದು. ಅದೇ ಬಾಗಿಲನ್ನು ದಾಟಿ ಒಳಗೆ ಹೋದರೆ, ನಡುಮನೆಯ ಮೇಜಿನ ಮೇಲೆ, ಚೆಲುವಾದ ಕುಂಡದಲ್ಲಿ, ದಿನವೂ ತಪ್ಪದೆ ನೀರು ಪಡೆಯುತ್ತಿರುವ ಗಿಡವೊಂದು ಹಳದಿಯಾಗಿ ಒರಗಿರುತ್ತದೆ. ಹೀಗೇಕೆಂಬುದೇ ಈ ಹೊತ್ತಿನ ನನ್ನ ವಿಷಯ.

ತೊಟ್ಟಿಯೂ ಹಿತ್ತಿಲೂ ಇದ್ದ ಮನೆಗಳನ್ನು ಬಿಟ್ಟು ಮಹಡಿಯ ಮೇಲಿನ ಎರಡು ಮೂರು ಕೋಣೆಗಳಿಗೆ ಬಂದವರು, ಒಂದಿಷ್ಟು ಹಸುರನ್ನು ಒಳಗೆ ತಂದಿಟ್ಟುಕೊಳ್ಳಬಯಸುವುದು ಸಹಜವೇ ಸರಿ. ಸುಲಭವಾಗಿ ಸಾಯದ ಗಿಡವನ್ನು ಕೊಡಿರೆಂದು ನಾವು ಮಾರುವವರನ್ನು ಕೇಳುತ್ತೇವೆ, ಅವರೂ ಕೊಡುತ್ತಾರೆ. ಆದರೆ ಗಟ್ಟಿಗಿಡವೆಂದರೆ ಅಲಕ್ಷ್ಯವನ್ನು ತಾಳಬಲ್ಲ ಗಿಡವೇ ಹೊರತು ಅತಿಯಾದ ಅಕ್ಕರೆಯನ್ನು ತಾಳಬಲ್ಲದ್ದಲ್ಲ.

ನನ್ನ ಅಕ್ಕ ಊರು ಬಿಡುವಾಗ ಒಂದು ಕುಂಡವನ್ನು ನನ್ನ ವಶಕ್ಕೆ ಕೊಟ್ಟು ಹೋದಳು. ಅದರಲ್ಲಿದ್ದುದು ಸ್ಯಾನ್ಸವೀರಿಯ, ಕತ್ತಿಯಂತೆ ನೆಟ್ಟಗೆ ನಿಂತ ಎಲೆಗಳು, ಹಾವಿನ ಮೈಯ ಮೇಲಿನಂಥ ಪಟ್ಟೆಗಳು, ಅಂಚಿಗೆ ಜರತಾರಿಯ ಹಾಗೆ ಹೊಂಬಣ್ಣ. ಪಶ್ಚಿಮ ಆಫ್ರಿಕದಿಂದ ಬಂದ ಈ ಗಿಡವನ್ನು ಸಸ್ಯಶಾಸ್ತ್ರಜ್ಞರು ಈಚೆಗೆ ಡ್ರಸೀನ ಎಂಬ ಕುಲಕ್ಕೆ ಸೇರಿಸಿದ್ದಾರೆ. ಅಕ್ಕ ಅದನ್ನು ವರ್ಷಗಟ್ಟಲೆ ಸಾಕಿದ್ದಳು. ನಾನು ಎರಡು ತಿಂಗಳಲ್ಲಿ ಕೊಂದೆ.

ಕೊಂದ ಬಗೆಯನ್ನು ಹೇಳಬೇಕು. ಏಕೆಂದರೆ ಅನೇಕರು ಈ ಬಲೆಯಲ್ಲಿಯೇ ಬೀಳುತ್ತಾರೆ. ಬೆಳಗಿನ ಕಾಫಿಯಾದೊಡನೆ ಒಂದು ಲೋಟ ನೀರೆರೆಯುವುದನ್ನು ವ್ರತದಂತೆ ನಡೆಸಿದೆನು. ಕೆಲವು ವಾರಗಳಲ್ಲಿ ಎಲೆಗಳು ಸೊರಗಿದುವು. ಬಾಯಾರಿದೆಯೆಂದು ಬಗೆದು ಎರಡು ಲೋಟ ಎರೆದೆನು. ಕಡೆಗೆ ಒಂದು ದಿನ ಎಲೆಯನ್ನು ಮುಟ್ಟಿದರೆ ಅದು ಬುಡಸಹಿತ ಕೈಗೆ ಬಂತು. ಕೊಳೆತ ನಾತವೂ ಬಂತು. ಬೇರಿಗೂ ಉಸಿರಾಟವುಂಟು. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿ ಗಾಳಿಯಿರಬೇಕು. ಆ ಸಂದುಗಳೆಲ್ಲ ಸದಾ ನೀರಿನಿಂದ ತುಂಬಿದ್ದರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಆದಕಾರಣ ನೀರು ಹೆಚ್ಚಾದ ಗಿಡವೂ ನೀರಿಲ್ಲದ ಗಿಡದಂತೆಯೇ ಬಾಡುತ್ತದೆ. ನೋಡುವ ಕಣ್ಣಿಗೆ ಎರಡೂ ಒಂದೇ. ಬೆರಳಿಗೆ ಮಾತ್ರ ಬೇರೆ.

ಆದುದರಿಂದ ಬೆರಳನ್ನು ಮಣ್ಣಿನಲ್ಲಿ ಎರಡು ಗೆಣ್ಣಿನಷ್ಟು ಇಳಿಸಿ, ತೇವ ತಗಲಿದರೆ ಸುಮ್ಮನಿರತಕ್ಕದ್ದು. ಸ್ಯಾನ್ಸವೀರಿಯದಂಥ ಗಿಡಗಳಿಗೆ ಮಣ್ಣು ತಳದವರೆಗೂ ಒಣಗಲೆಂದು ಕಾಯಬೇಕು. ಕುಂಡವನ್ನು ಎತ್ತಿ ನೋಡುವ ಅಭ್ಯಾಸವಾದರೆ ಭಾರದಿಂದಲೇ ತಿಳಿದುಹೋಗುತ್ತದೆ. ಎರೆಯುವಾಗ ಕೈ ಬಿಗಿಹಿಡಿಯಬಾರದು. ತಳದ ತೂತಿನಿಂದ ಹರಿದುಬರುವಷ್ಟು ಎರೆದು, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಬೇಕು. ಇಲ್ಲವಾದರೆ ಬೇರಿಗೆ ಕೇಡು, ಮನೆಯವರಿಗೆ ಸೊಳ್ಳೆ. ತೂತಿಲ್ಲದ ಕುಂಡ ಎಷ್ಟು ಅಂದವಾಗಿದ್ದರೂ ಅದು ಕುಂಡವಲ್ಲ, ಬಾವಿ. ಬರಿಯ ಕೆಮ್ಮಣ್ಣು ಒಣಗಿದಾಗ ಇಟ್ಟಿಗೆಯಂತೆ ಗಟ್ಟಿಯಾಗುವುದರಿಂದ ಅದಕ್ಕೆ ದಪ್ಪ ಮರಳನ್ನೂ ಚೆನ್ನಾಗಿ ಕಳಿತ ಗೊಬ್ಬರವನ್ನೂ ಬೆರೆಸಿಕೊಳ್ಳಬೇಕು.

ಇನ್ನು ಬೆಳಕು. ಇಲ್ಲಿ ನಮ್ಮ ಕಣ್ಣೇ ನಮಗೆ ಮೋಸಮಾಡುತ್ತದೆ. ನಡುಹಗಲಿನ ಬಿಸಿಲಿನ ಪ್ರಮಾಣ ಸುಮಾರು 1,00,000 ಲಕ್ಸ್ ಆದರೆ, ಕಿಟಕಿಯಿಂದ ಹತ್ತು ಅಡಿ ಒಳಗೆ ನೂರಿನ್ನೂರು ಇದ್ದರೆ ಹೆಚ್ಚು. ಕಣ್ಣಿನ ಪಾಪೆ ಹಿಗ್ಗಿ ಸರಿದೂಗಿಸಿಕೊಳ್ಳುವುದರಿಂದ ಕೋಣೆ ಬೆಳಕಾಗಿಯೇ ತೋರುತ್ತದೆ. ಗಿಡಕ್ಕೆ ಅಂಥ ಅನುಕೂಲವಿಲ್ಲ. ಬೆಳಕು ಕಡಮೆಯಾದಷ್ಟೂ ಅದು ಕುಡಿಯುವ ನೀರೂ ಕಡಮೆಯೆಂಬುದನ್ನು ಮರೆಯಬಾರದು. ಕತ್ತಲ ಮೂಲೆಯಲ್ಲಿ ಗಟ್ಟಿಗಿಡ ಬದುಕುತ್ತದೆಯೆಂದು ಹೇಳುವುದುಂಟು. ಅದು ನಿಧಾನವಾಗಿ ಸಾಯುತ್ತದೆಯೆಂದರೆ ಹೆಚ್ಚು ನಿಜ.

ಈ ಗಿಡಗಳು ಬರವನ್ನು ತಾಳುವ ಬಗೆಯನ್ನು ಹೇಳುವಾಗ ಬೆಂಗಳೂರಿನ ಹೆಸರೂ ಬರುತ್ತದೆ. ಶ್ರೀರಂಗಪಟ್ಟಣವು 1799ರಲ್ಲಿ ಬಿದ್ದ ತರುವಾಯ ಲಾಲ್‌ಬಾಗಿನ ಮೇಲ್ವಿಚಾರಣೆಯನ್ನು ವಹಿಸಿದ್ದ ಬೆಂಜಮಿನ್ ಹೈನೆ ಎಂಬ ಸಸ್ಯಶಾಸ್ತ್ರಜ್ಞನು, ನಮ್ಮ ಕಾಡುಬಸಳೆಯ ಎಲೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ಅಗಿದು ನೋಡಿದನು. ಬೆಳಗ್ಗೆ ಹುಳಿ; ಮಧ್ಯಾಹ್ನಕ್ಕೆ ರುಚಿಯೇ ಇಲ್ಲ; ಸಂಜೆಗೆ ತುಸು ಕಹಿ. ಇದನ್ನು ವಿವರಿಸಿ ಅವನು ಬರೆದ ಪತ್ರವು 1815ರಲ್ಲಿ ಲಂಡನ್ನಿನ ಲಿನೀಯನ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಕಾರಣವು ಬಹುಕಾಲದ ಮೇಲೆ ಸ್ಪಷ್ಟವಾಯಿತು. ಸಾಮಾನ್ಯ ಗಿಡಗಳು ಎಲೆಯ ರಂಧ್ರಗಳನ್ನು ಹಗಲಿನಲ್ಲಿ ತೆರೆದು ಇಂಗಾಲಾಮ್ಲವಾಯುವನ್ನು ಕೊಳ್ಳುತ್ತವೆ. ಅದರೊಡನೆ ನೀರನ್ನೂ ಕಳೆದುಕೊಳ್ಳುತ್ತವೆ. ಕಾಡುಬಸಳೆ, ಲೋಳೆಸರ, ಸ್ಯಾನ್ಸವೀರಿಯ ಮೊದಲಾದುವು ಬಿಸಿಲಿನಲ್ಲಿ ಕದವಿಕ್ಕಿಕೊಂಡು ರಾತ್ರಿಯ ತಂಪಿನಲ್ಲಿ ತೆರೆಯುತ್ತವೆ. ರಾತ್ರಿ ಕೊಂಡ ವಾಯುವನ್ನು ಆಮ್ಲವಾಗಿ ಕೂಡಿಟ್ಟು ಹಗಲಿನ ಬೆಳಕಿನಲ್ಲಿ ವೆಚ್ಚಮಾಡುತ್ತವೆ. ಬಾಗಿಲ ಮೇಲಿನ ಲೋಳೆಸರದ ಗುಟ್ಟಿನಲ್ಲಿ ಇದೂ ಒಂದು. ಎಲೆಯ ಲೋಳೆಯಲ್ಲಿರುವ ನೀರು ಮತ್ತೊಂದು.

ಇದನ್ನೇ ತಪ್ಪಾಗಿ ತಿಳಿದು, ಈ ಗಿಡಗಳು ರಾತ್ರಿ ಪ್ರಾಣವಾಯುವನ್ನು ಬಿಡುತ್ತವೆ, ಹಾಸಿಗೆಯ ಬಳಿ ಇಟ್ಟುಕೊಳ್ಳಿರೆಂದು ಹೇಳುವವರಿದ್ದಾರೆ. ರಾತ್ರಿ ಅವು ಇಂಗಾಲಾಮ್ಲವನ್ನು ಕೊಳ್ಳುವುದು ದಿಟ. ಪ್ರಾಣವಾಯು ಹೊರಡುವುದು ಬೆಳಕಿದ್ದಾಗ ಮಾತ್ರ. ಕುಂಡದ ಗಿಡಗಳು ಕೋಣೆಯ ಗಾಳಿಯನ್ನು ಶುದ್ಧಿಮಾಡುತ್ತವೆಂಬ ಮಾತೂ ಹಾಗೆಯೇ. 2019ರಲ್ಲಿ ಹಿಂದಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕಹಾಕಿದವರು, ಸಾಮಾನ್ಯ ಗಾಳಿಯಾಡುವಿಕೆಗೆ ಸಮನಾಗಬೇಕಾದರೆ ಚದರ ಮೀಟರಿಗೆ 10ರಿಂದ 1000 ಗಿಡಗಳು ಬೇಕೆಂದು ಕಂಡರು. ಕಿಟಕಿಯನ್ನು ತೆರೆಯುವುದು ಲೇಸು. ಗಿಡವನ್ನು ಗಿಡವೆಂದೇ ಮೆಚ್ಚೋಣ.

ಮನಿ ಪ್ಲಾಂಟೆಂಬ ಬಳ್ಳಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಅದು ಕೆಸುವಿನ ಬಂಧು. ಬೇಯಿಸದ ಕೆಸು ಗಂಟಲು ಕೆರೆಯುವುದನ್ನು ನಮ್ಮ ಗೃಹಿಣಿಯರು ಬಲ್ಲರು. ಇದರ ಎಲೆಯಲ್ಲಿಯೂ ಅದೇ ಬಗೆಯ ಸೂಜಿಹರಳುಗಳುಂಟು. ಅಂಬೆಗಾಲಿನ ಮಗುವಿಗೂ ಬೆಕ್ಕಿಗೂ ಎಟುಕದಂತೆ ಇಡಬೇಕು.

ಅಕ್ಕನ ಕುಂಡದಲ್ಲಿ ಕೊಳೆಯದೆ ಉಳಿದ ಒಂದು ಎಲೆಯನ್ನು ನಾಲ್ಕು ಬೆರಳಗಲದ ತುಂಡುಗಳಾಗಿ ಕೊಯ್ದು, ಎರಡು ದಿನ ನೆರಳಿನಲ್ಲಿ ಒಣಗಿಸಿ, ಬುಡದ ಕಡೆ ತಪ್ಪದಂತೆ ಮರಳಿನಲ್ಲಿ ನೆಟ್ಟೆನು. ಬಹಳ ಕಾಲದ ಮೇಲೆ ಒಂದೆರಡು ಮೊಳೆಗಳೆದ್ದುವು. ಆದರೆ ಈ ಜಾತಿಯನ್ನು ಎಲೆಯ ತುಂಡಿನಿಂದ ಬೆಳೆಸಿದರೆ ಹೊಂಬಣ್ಣದ ಅಂಚು ಬರುವುದಿಲ್ಲ. ಗೆಡ್ಡೆಯನ್ನು ಒಡೆದು ನೆಟ್ಟರೆ ಮಾತ್ರ ಬರುತ್ತದೆ. ನಮ್ಮ ಗೆಡ್ಡೆ ಕೊಳೆತುಹೋಗಿತ್ತು. ಮುಂದಿನ ವರ್ಷ ಅಕ್ಕ ಬಂದಾಗ ಕಿಟಕಿಯ ಬಳಿಯ ಕುಂಡವನ್ನು ಸ್ವಲ್ಪ ಹೊತ್ತು ನೋಡಿ, "ಅಂಚಿನ ಜರಿ ಎಲ್ಲಿ ಹೋಯಿತೋ?" ಎಂದಳು. "ನೀರಿನಲ್ಲಿ ಹೋಯಿತಕ್ಕ" ಎಂದೆನು. ಅವಳು ಬೆರಳನ್ನು ಮಣ್ಣಿಗಿಳಿಸಿ ನೋಡಿ, "ಈಗ ಒಣಗಿದೆ, ಒಂದು ಲೋಟ ತಾ" ಎಂದಳು.