ಏಳು ಬಾಗಿಲಿನ ಶಾಲೆ ಮತ್ತು ನಮ್ಮ ಹೈಸ್ಕೂಲಿನ ಹನ್ನೆರಡು ಗುಂಟೆ

(ಸಂಘದ ರಜತ ಮಹೋತ್ಸವದ ಅಂಗವಾಗಿ, ತಿಲಕ್ ನಗರದಲ್ಲಿ ನೆಲೆಸಿರುವ ನಮ್ಮ ಊರಿನವರು ಸೇರಿಸಿದ್ದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ. ಸ್ಮರಣ ಸಂಚಿಕೆಗಾಗಿ ಅವರೇ ಬರೆದು ಕೊಟ್ಟದ್ದು.)



ನಾವು ಭಾಷಣ ಮಾಡೋರಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಹೊಲಕ್ಕೆ ಇಳಿದೋರು. ಹಾಲಿನ ಫ್ಯಾಟು, ಡಿಗ್ರಿ, ಬಟವಾಡೆ ಬಗ್ಗೆ ಮಾತಾಡು ಅಂದರೆ ಎರಡು ಗಂಟೆ ಬೇಕಾದರೂ ಮಾತಾಡುತ್ತೇವೆ. ಆದರೆ ಈವತ್ತು ಶಾಲೆಯ ಬಗ್ಗೆ ಮಾತಾಡಬೇಕಾಗಿ ಬಂದಿದೆ. ಯಾಕೆ ಅಂತ ಮೊದಲೇ ಹೇಳಿಬಿಡುತ್ತೇವೆ. ರಜತ ಮಹೋತ್ಸವಕ್ಕೆಂದು ಸಂಘ ಲಾಭದಲ್ಲಿ ಒಂದಿಷ್ಟು ಹಣ ತೆಗೆದಿಟ್ಟಿದೆ. ನಮ್ಮ ಹೈಸ್ಕೂಲಿನ ಹಿಂದೆ ಊರವರೇ ದಾನ ಕೊಟ್ಟ ಹನ್ನೆರಡು ಗುಂಟೆ ಜಮೀನು ಪಾಳು ಬಿದ್ದಿದೆ. ಅಲ್ಲಿ ರಸ್ತೆ ಕಡೆಗೆ ಅಂಗಡಿ ಮಳಿಗೆ ಕಟ್ಟಿಸಿ, ಬಾಡಿಗೆಯನ್ನು ಶಾಲೆಗೆ ಬಿಡೋಣ ಅಂತ ಒಂದು ಸೂಚನೆ ಬಂದಿದೆ. ಆಡಳಿತ ಮಂಡಳಿಯಲ್ಲಿ ಅರ್ಧ ಜನ ಅದಕ್ಕೆ ಒಪ್ಪಿದ್ದಾರೆ. ನಾವು ಒಪ್ಪಿಲ್ಲ. ಯಾಕೆ ಒಪ್ಪಿಲ್ಲ ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ದೊಡ್ಡ ಮಗಳು ಈಗ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಬಿ.ಎಸ್ಸಿ.ಎಡ್. ಓದುತ್ತಿದ್ದಾಳೆ. ಮಾನಸಗಂಗೋತ್ರಿ ಪಕ್ಕದಲ್ಲೇ ಇದೆ. ಅವಳನ್ನು ಸೇರಿಸಲು ಹೋದಾಗ ಅದೇ ಆವರಣದಲ್ಲಿ ಒಂದು ಶಾಲೆ ಕಂಡಿತು. ಎಲ್ಲರೂ ಡಿ.ಎಂ.ಎಸ್. ಅಂತ ಕರೆಯುತ್ತಾರೆ. ಬೋರ್ಡಿನ ಮೇಲೆ ಪೂರ್ತಿ ಹೆಸರು ಡೆಮಾನ್‌ಸ್ಟ್ರೇಷನ್ ಮಲ್ಟಿಪರ್ಪಸ್ ಸ್ಕೂಲ್. ಡೆಮಾನ್‌ಸ್ಟ್ರೇಷನ್ ಗೊತ್ತಾಯಿತು, ಮೇಷ್ಟರಾಗೋರಿಗೆ ಪಾಠ ಹೇಗೆ ಮಾಡಬೇಕು ಅಂತ ತೋರಿಸೋ ಶಾಲೆ. ಈ ಮಲ್ಟಿಪರ್ಪಸ್ ಅಂದರೇನಮ್ಮಾ, ನಮ್ಮ ಊರಿನ ಸಮುದಾಯ ಭವನದ ಥರಾನಾ ಅಂತ ಕೇಳಿದೆವು. ಮಗಳು ನಕ್ಕಳು. ಅವಳಿಗೂ ಆವತ್ತು ಗೊತ್ತಿರಲಿಲ್ಲ. ಮುಂದೆ ಅವಳ ಪಾಠದಲ್ಲೇ ಅದು ಬಂತು. ರಜೆಗೆ ಬಂದಾಗ ರಾತ್ರಿ ಊಟ ಆದ ಮೇಲೆ ಹೇಳುತ್ತಾ ಹೋದಳು, ನಾವು ಬಾಯಿ ಬಿಟ್ಟುಕೊಂಡು ಕೇಳಿದೆವು.

ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಕೇಂದ್ರ ಸರ್ಕಾರ ಪ್ರೌಢಶಿಕ್ಷಣಕ್ಕೆ ಒಂದು ಆಯೋಗ ನೇಮಿಸಿತು. ಮದರಾಸು ವಿಶ್ವವಿದ್ಯಾನಿಲಯದ ಕುಲಪತಿ ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್ ಅದರ ಅಧ್ಯಕ್ಷರು. 1953ರಲ್ಲಿ ವರದಿ ಕೊಟ್ಟರು. ಹೈಸ್ಕೂಲು ಅಂದರೆ ಕಾಲೇಜಿಗೆ ಹತ್ತುವ ಒಂದೇ ಏಣಿ ಆಗಿಬಿಟ್ಟಿದೆ, ಹತ್ತಲಾಗದೋನು ಕೆಳಗೆ ಬೀಳುತ್ತಾನೆ, ಬಿದ್ದವನ ಕೈಯಲ್ಲಿ ಯಾವ ಕೆಲಸವೂ ಇರುವುದಿಲ್ಲ ಅನ್ನುವುದು ಅವರ ಮಾತಿನ ತಾತ್ಪರ್ಯ. ಅದಕ್ಕೆ ಅವರು ಹೇಳಿದ ಮದ್ದೇ ವಿವಿಧೋದ್ದೇಶ ಶಾಲೆ. ಒಂದೇ ಶಾಲೆ, ಒಂದೇ ಬೆಲ್ಲು, ಒಂದೇ ಪ್ರಾರ್ಥನೆ. ಭಾಷೆ, ಸಮಾಜ, ಸಾಮಾನ್ಯ ವಿಜ್ಞಾನ, ಜೊತೆಗೆ ಒಂದು ಕೈಕಸುಬು ಎಲ್ಲರಿಗೂ ಕಡ್ಡಾಯ. ಅದರ ಮೇಲೆ ಏಳು ವಿಭಾಗ: ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ. ಮಗು ತನಗೆ ಒಗ್ಗಿದ ಬಾಗಿಲಲ್ಲಿ ಹೋಗಲಿ ಅಂತ. ಹಳ್ಳಿ ಕಡೆಯ ಶಾಲೆಗಳಲ್ಲಿ ಕೃಷಿಗೆ ವಿಶೇಷ ಅನುಕೂಲ ಇರಲೇಬೇಕು, ತೋಟಗಾರಿಕೆ, ಪಶುಪಾಲನೆಯೂ ಅದರಲ್ಲಿ ಸೇರಲಿ ಅಂತಲೂ ಬರೆದರು. ಪಶುಪಾಲನೆ ಅಂದ ಕೂಡಲೇ ನಮ್ಮ ಕಿವಿ ನೆಟ್ಟಗಾಯಿತು!

ನಮ್ಮ ಸಂಘದಲ್ಲಿ ಬೆಳಿಗ್ಗೆ ಏನಾಗುತ್ತೆ ನೋಡಿ. ನಾಲ್ಕು ಹಸು ಇರೋನ ಹಾಲೂ ಅರ್ಧ ಲೀಟರ್ ತರೋ ಮುದುಕಮ್ಮನ ಹಾಲೂ ಒಂದೇ ಕ್ಯಾನಿಗೆ ಬೀಳುತ್ತೆ. ಆದರೆ ಒಬ್ಬೊಬ್ಬರ ಹಾಲನ್ನೂ ಬೇರೆ ಬೇರೆ ಪರೀಕ್ಷೆ ಮಾಡಿ, ಅದರ ಯೋಗ್ಯತೆಗೆ ತಕ್ಕ ದುಡ್ಡು ಬರೆಯುತ್ತೇವೆ. ಮೊದಲಿಯಾರರ ಶಾಲೆ ಹೆಚ್ಚುಕಡಿಮೆ ಅಂಥದ್ದೇ.

ಇದು ನಮ್ಮ ದೇಶದವರಿಗೆ ಮಾತ್ರ ಹೊಳೆದದ್ದಲ್ಲ. ಇಂಗ್ಲೆಂಡಿನಲ್ಲಿ 1944ರ ಶಿಕ್ಷಣ ಕಾಯಿದೆಯ ನಂತರ ಹನ್ನೊಂದು ವರ್ಷದ ಮಕ್ಕಳಿಗೆ ಒಂದು ಪರೀಕ್ಷೆ ಇಟ್ಟು, ಪಾಸಾದವರನ್ನು ಗ್ರಾಮರ್ ಶಾಲೆಗೆ, ಉಳಿದವರನ್ನು ಹೆಚ್ಚಾಗಿ ಸೆಕೆಂಡರಿ ಮಾಡರ್ನ್ ಅನ್ನುವ ಇನ್ನೊಂದು ಶಾಲೆಗೆ ಕಳಿಸುತ್ತಿದ್ದರಂತೆ. ಹನ್ನೊಂದು ವರ್ಷಕ್ಕೇ ಹಣೆಬರಹ! ಇದು ಬೇಡ, ಎಲ್ಲರಿಗೂ ಒಂದೇ ಶಾಲೆ ಇರಲಿ ಅಂತ 1949ರಲ್ಲಿ ವೇಲ್ಸ್ ನಾಡಿನ ಆಂಗ್ಲಸಿ ದ್ವೀಪದ ಹೋಲಿಹೆಡ್ ಊರಿನಲ್ಲಿ ಶುರು ಮಾಡಿದರು. 1954ರಲ್ಲಿ ಲಂಡನ್ನಿನ ಕಿಡ್‌ಬ್ರೂಕ್‌ನಲ್ಲಿ ಹೆಣ್ಣುಮಕ್ಕಳಿಗಾಗಿ ಅಂಥ ಶಾಲೆಯನ್ನು ಹೊಸದಾಗಿಯೇ ಕಟ್ಟಿದರು. ಅಲ್ಲಿ ಇದಕ್ಕೆ ಕಾಂಪ್ರಿಹೆನ್ಸಿವ್ ಶಾಲೆ ಅಂತ ಹೆಸರು. ಅಂದರೆ ಅವರು, ನಾವು ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹೊರಟವರು.

ನಮ್ಮಲ್ಲಿ ಎರಡನೇ ಪಂಚವಾರ್ಷಿಕ ಯೋಜನೆ ಕಾಲದಲ್ಲಿ ಇಂಥ ಶಾಲೆಗಳು ದೇಶದಲ್ಲಿ ಸಾವಿರಕ್ಕೂ ಮೇಲೆ ಆದವು. ಕಟ್ಟಡ ಆಯಿತು, ಕೆಲವು ಕಡೆ ಯಂತ್ರ ಬಂತು. ಆದರೆ ಕೃಷಿ ಹೇಳಿಕೊಡೋ ಮೇಷ್ಟರು ಎಲ್ಲಿ? ಲೇತ್ ಮೆಷಿನ್ ತಿರುಗಿಸೋಕೂ ಬರಬೇಕು, ಪಾಠ ಮಾಡೋಕೂ ಬರಬೇಕು, ಅಂಥವರು ಎಲ್ಲಿ ಸಿಗುತ್ತಾರೆ? ಅದಕ್ಕೇ ಎನ್‌ಸಿಇಆರ್‌ಟಿಯವರು ಅಜ್ಮೀರ್, ಭೋಪಾಲ್, ಭುವನೇಶ್ವರ, ಮೈಸೂರು, ಹೀಗೆ ನಾಲ್ಕು ಊರುಗಳಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ತೆರೆದರು. ಮೈಸೂರಿನದು 1963ರಲ್ಲಿ ಆರಂಭವಾಯಿತು, ದಕ್ಷಿಣದ ರಾಜ್ಯಗಳಿಗೆಲ್ಲ ಅದೇ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದ ನೆರವೂ ಇತ್ತು. ಪ್ರತಿ ಕಾಲೇಜಿಗೂ ಜೊತೆಗೊಂದು ವಿವಿಧೋದ್ದೇಶ ಶಾಲೆ. ನಮ್ಮ ಮಗಳು ತೋರಿಸಿದ ಬೋರ್ಡು ಆ ಕಾಲದ್ದೇ ಹೆಸರು ಹೊತ್ತಿರುವುದು.

ಈಗ ನಮ್ಮ ಮನೆ ವಿಚಾರ ಸ್ವಲ್ಪ ಹೇಳುತ್ತೇವೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ತಂದೆಯವರು ತೀರಿಕೊಂಡ ಮೇಲೆ ಅಟ್ಟದ ಟ್ರಂಕು ಇಳಿಸಿದಾಗ ಒಂದು ಉದ್ದನೆ ನೋಟು ಪುಸ್ತಕ ಸಿಕ್ಕಿತು. ಮೇಲೆ ಹೆಸರು, ಕೆಳಗೆ ಕೃಷಿ ವಿಭಾಗ. ಅವರು 1960ರ ದಶಕದಲ್ಲಿ ತಾಲ್ಲೂಕಿನ ಕಡೆಯ ಒಂದು ಹೈಸ್ಕೂಲಿನಲ್ಲಿ ಓದಿದ್ದು ಗೊತ್ತಿತ್ತು. ಕೇಳಿದವರಿಗೆಲ್ಲ ಸೈನ್ಸು ಅಂತ ಹೇಳುತ್ತಿದ್ದರು. ಪುಸ್ತಕ ಬಿಡಿಸಿದರೆ ಒಳಗೆ ಬದನೆ ಮಡಿ, ಎಷ್ಟು ಮಂಕರಿ ಗೊಬ್ಬರ ಹಾಕಿದ್ದು, ಬಾವಿಯಿಂದ ಎಷ್ಟು ಸಲ ನೀರು ಎತ್ತಿದ್ದು, ಸಂತೇಲಿ ಎಷ್ಟಕ್ಕೆ ಮಾರಿದ್ದು, ಕಡೆಗೆ ಖರ್ಚು ಕಳೆದು ಉಳಿದದ್ದು ಎಷ್ಟು, ಎಲ್ಲಾ ಕಾಸು ಕಾಸಿಗೂ ಬರೆದಿದೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು.

ಇಪ್ಪತ್ತೈದು ವರ್ಷದ ಕೆಳಗೆ ಸಂಘ ಶುರುವಾದಾಗ ಲೆಕ್ಕ ಬರೆಯುವುದು ಯಾರು ಅಂತ ಎಲ್ಲರೂ ಮುಖ ಮುಖ ನೋಡಿಕೊಂಡಾಗ, ಕೊಡ್ರಿ ಇಲ್ಲಿ ಅಂತ ಪುಸ್ತಕ ತೆಗೆದುಕೊಂಡವರು ನಮ್ಮ ತಂದೆಯವರು. ಮೊದಲ ಎರಡು ವರ್ಷದ ಲೆಡ್ಜರು ಅವರ ಕೈಬರಹವೇ. ಆಡಿಟ್‌ನವರು ಬಂದು, ಯಾರ್ರೀ ಬರೆದೋರು ಅಂತ ಕೇಳಿದ್ದು ಇಲ್ಲಿ ಕೂತಿರೋ ಹಿರಿಯರಿಗೆ ನೆನಪಿರಬೇಕು. ಆ ವಿದ್ಯೆ ಎಲ್ಲಿಂದ ಬಂತು ಅಂತ ನಮಗೆ ಟ್ರಂಕು ಬಿಡಿಸೋ ತನಕ ಗೊತ್ತಿರಲಿಲ್ಲ.

ಮತ್ತೆ ಯಾಕೆ ಬಚ್ಚಿಟ್ಟರು? ಅವರ ಜೊತೆ ಓದಿದ ಹಿರಿಯರೊಬ್ಬರನ್ನು ಕೇಳಿದೆವು. ಅವರು ಹೇಳಿದ್ದು ಇಷ್ಟು. ಒಂಬತ್ತನೇ ಕ್ಲಾಸಿಗೆ ಹೋದ ದಿನ ಮೇಷ್ಟರು ಮಾರ್ಕ್ಸ್ ಪಟ್ಟಿ ಹಿಡಿದು ಹೆಸರು ಕೂಗಿದರಂತೆ. ಮೇಲಿನವರು ಸೈನ್ಸಿಗೆ. ಆಮೇಲಿನವರು ಕಾಮರ್ಸಿಗೆ. ಉಳಿದ ದಡ್ಡರೆಲ್ಲ ಗುದ್ದಲಿ ತಗೊಂಡು ಹೊರಗೆ ನಡೀರಿ ಅಂದರಂತೆ. ಇಡೀ ಕ್ಲಾಸು ನಕ್ಕಿತಂತೆ. ನಮ್ಮ ತಂದೆ ಆ ನಗುವನ್ನು ಐವತ್ತು ವರ್ಷ ಮರೆಯಲಿಲ್ಲ ಅಂತ ಕಾಣುತ್ತೆ.

ಏಳು ಬಾಗಿಲು ಇಟ್ಟರು ಸರಿ. ಒಂದು ಬಾಗಿಲು ತಲೆಬಾಗಿಲು, ಒಂದು ಬಾಗಿಲು ಕೊಟ್ಟಿಗೆ ಬಾಗಿಲು ಆಯಿತು. ಇಂಗ್ಲೆಂಡಿನಲ್ಲಿ ಎರಡು ಶಾಲೆ ಮಾಡಿ ಬೇರೆ ಮಾಡಿದ್ದನ್ನು ನಾವು ಒಂದೇ ಶಾಲೆ ಒಳಗೆ ಬೇರೆ ಮಾಡಿಬಿಟ್ಟೆವು. ಯೋಜನೆ ಬರೆದವರ ತಪ್ಪು ಅಂತ ನಾವು ಹೇಳುವುದಿಲ್ಲ. ಉಳುವವನನ್ನು ಕೀಳಾಗಿ ನೋಡೋದು ಶಾಲೆಗಿಂತ ಹಳೇದು, ಅದು ನಮ್ಮ ಮನೆಗಳಲ್ಲೇ ಇದೆ.

ಮುಂದೆ 1964ರಿಂದ 66ರವರೆಗೆ ಡಿ.ಎಸ್. ಕೊಠಾರಿಯವರ ಆಯೋಗ ಬಂತು. ಹದಿಮೂರು ಹದಿನಾಲ್ಕು ವರ್ಷದ ಮಗುವಿಗೆ ನೀನು ಇದೇ ದಾರಿ ಹಿಡಿ ಅನ್ನುವುದು ಬೇಗ ಆಯಿತು, ಹತ್ತನೇ ತರಗತಿವರೆಗೆ ಎಲ್ಲರೂ ಒಂದೇ ಪಾಠ ಓದಲಿ, ಜೊತೆಗೆ ಎಲ್ಲರಿಗೂ ಕಾರ್ಯಾನುಭವ ಇರಲಿ ಅಂದರು. ಈ ಮಾತು ನ್ಯಾಯವೇ. ವಿಭಾಗಗಳು ಹೈಸ್ಕೂಲಿನಿಂದ ಮೇಲಕ್ಕೆ ಹೋದವು. ಕೃಷಿ ಪಾಠವೂ ಅದರ ಜೊತೆಗೇ ಹೈಸ್ಕೂಲಿನಿಂದ ಹೋಯಿತು. ಪಿಯುಸಿ ಮಟ್ಟದಲ್ಲಿ ಜೆ.ಓ.ಸಿ. ಅಂತ ಬಂದು, ಅದೂ ಮುಚ್ಚಿದ್ದು ನಿಮಗೆಲ್ಲ ಗೊತ್ತು. ಮೈಸೂರಿನ ಕಾಲೇಜಿಗೆ 1990ರ ದಶಕದಲ್ಲಿ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಅಂತ ಹೆಸರು ಬದಲಾಯಿತು. ಡಿ.ಎಂ.ಎಸ್. ಈಗ ಸಿಬಿಎಸ್‌ಇ ಪಾಠದ ಶಾಲೆ. ಮಲ್ಟಿಪರ್ಪಸ್ ಅನ್ನುವುದು ಬೋರ್ಡಿನಲ್ಲಿ ಉಳಿದಿದೆ.

ಕಾರ್ಯಾನುಭವ ಏನಾಯಿತು ಅಂದರೆ, ಅದನ್ನು ನಾವೇ ಅನುಭವಿಸಿದ್ದೇವೆ. 1990ರ ದಶಕದಲ್ಲಿ ನಾವು ಹೈಸ್ಕೂಲಿನಲ್ಲಿದ್ದಾಗ ವೇಳಾಪಟ್ಟಿಯಲ್ಲಿ ಆ ಹೆಸರಿನ ಪಿರಿಯಡ್ ಇತ್ತು. ಹುಡುಗರು ಮೈದಾನದ ಕಲ್ಲು ಆಯುವುದು, ಹುಡುಗಿಯರು ಕಸ ಗುಡಿಸುವುದು. ಅನುಭವ ಚೆನ್ನಾಗೇ ಆಯಿತು ಬಿಡಿ! ಪರೀಕ್ಷೆ ಹತ್ತಿರ ಬಂದರೆ ಆ ಪಿರಿಯಡ್ಡೂ ಗಣಿತದವರಿಗೆ.

ಈಗ ತಿಲಕ್ ನಗರಕ್ಕೆ ಬರೋಣ. ನಮ್ಮ ಹಾಲು ಇಲ್ಲೇ ಹತ್ತಿರ ಡೇರಿ ಸರ್ಕಲ್ಲಿನ ಡೇರಿಗೆ ಬರುತ್ತೆ, ಅದರ ಹಿಂದೆಯೇ ನಮ್ಮ ಹುಡುಗರು ಬರುತ್ತಾರೆ. 1948ರಲ್ಲಿ ಜಯನಗರಕ್ಕೆ ಶಂಕುಸ್ಥಾಪನೆ ಆದಾಗ ಸುತ್ತಲೂ ಹಳ್ಳಿಗಳೇ. ಬೈರಸಂದ್ರ, ತಾವರೆಕೆರೆ, ಗುರಪ್ಪನಪಾಳ್ಯ, ಹೆಸರು ಕೇಳಿದರೇ ಗೊತ್ತಾಗುತ್ತೆ. ಈಗ ಇಲ್ಲಿ ಬಂದ ನಮ್ಮ ಹುಡುಗ ಗ್ಯಾರೇಜಿನಲ್ಲಿ ಮೊದಲ ಎರಡು ವರ್ಷ ಸ್ಪ್ಯಾನರ್ ಎತ್ತಿಕೊಡುತ್ತಾನೆ, ವೆಲ್ಡಿಂಗ್ ಅಂಗಡಿಯಲ್ಲಿ ಕಣ್ಣು ಸುಟ್ಟುಕೊಂಡು ಕಲಿಯುತ್ತಾನೆ. ಹೈಸ್ಕೂಲಿನಲ್ಲಿ ಮೂರು ವರ್ಷ ಕೂತಿದ್ದನಲ್ಲ, ಒಂದು ಬೋಲ್ಟಾದರೂ ಬಿಚ್ಚಿಸಿದ್ದರೆ? ಊರಲ್ಲೇ ಉಳಿದೋನ ಕಥೆಯೂ ಅಷ್ಟೇ. ಸಂಘಕ್ಕೆ ಹಾಲು ಪರೀಕ್ಷಕನಾಗಿ ಬಂದ ಹುಡುಗನಿಗೆ ಸಾಂದ್ರತೆ ಅಂದರೇನು ಅಂತ ಬಾಯಿಪಾಠ ಇತ್ತು. ಲ್ಯಾಕ್ಟೋಮೀಟರ್ ಅದನ್ನೇ ತೋರಿಸೋದು ಅಂತ ಗೊತ್ತಿರಲಿಲ್ಲ. ತಪ್ಪು ಅವನದಲ್ಲ.

ಆದ್ದರಿಂದ ನಮ್ಮ ಪ್ರಾರ್ಥನೆ ಏನಂದರೆ, ಆ ಹನ್ನೆರಡು ಗುಂಟೆಗೆ ಬೇಲಿ ಹಾಕಿಸೋಣ, ಒಂದು ನೀರಿನ ತೊಟ್ಟಿ, ಒಂದು ಶೆಡ್ಡು ಮಾಡಿಸೋಣ. ಅರ್ಧದಲ್ಲಿ ತರಕಾರಿ, ಅರ್ಧದಲ್ಲಿ ಮೇವಿನ ಹುಲ್ಲು. ಶೆಡ್ಡಿನಲ್ಲಿ ಒಂದು ಹಳೇ ಪಂಪ್‌ಸೆಟ್ಟು, ಸಂಘದಲ್ಲಿ ಮೂಲೆಗೆ ಬಿದ್ದಿರೋ ಹಾಲು ಪರೀಕ್ಷೆ ಸಾಮಾನು ಇಡೋಣ. ತಿಲಕ್ ನಗರದಲ್ಲಿ ಮೆಕ್ಯಾನಿಕ್ ಆಗಿರುವ ನಮ್ಮ ಹುಡುಗರು ತಿಂಗಳಿಗೊಂದು ಶನಿವಾರ ಬಂದು ಮಕ್ಕಳಿಗೆ ಕೈ ಹಿಡಿದು ತೋರಿಸಲಿ, ಬಸ್ ಚಾರ್ಜು ಸಂಘದ್ದು. ಶಾಲೆಯವರ, ಇಲಾಖೆಯವರ ಒಪ್ಪಿಗೆ ಬೇಕು, ಅದಕ್ಕೆ ಓಡಾಡುವ ಕೆಲಸ ನಮಗೆ ಬಿಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಆರನೇ ತರಗತಿಯಿಂದಲೇ ಕಸುಬಿನ ಪರಿಚಯ ಇರಬೇಕು ಅಂತ ಬರೆದಿದ್ದಾರೆ. ಆ ನೀತಿಯ ಬಗ್ಗೆ ಇರೋ ಜಗಳ ನಮಗೆ ಬೇಡ, ಬೇಲಿ ಹಾಕೋಕೆ ಯಾವ ನೀತಿಯೂ ಬೇಕಾಗಿಲ್ಲ.

ಮಳಿಗೆ ಬಾಡಿಗೆ ಬೇಡವಾ ಅಂತ ಕೇಳುತ್ತೀರಿ. ಬೇಕು. ಮಳಿಗೆಗೆ ಬಸ್ ಸ್ಟ್ಯಾಂಡ್ ಹತ್ತಿರ ಸಂಘದ್ದೇ ಜಾಗ ಇದೆ. ಶಾಲೆ ಜಮೀನು ಒಂದು ಸಲ ಹೋದರೆ ಮತ್ತೆ ಬರುವುದಿಲ್ಲ.

ಇದನ್ನೆಲ್ಲ ಹೇಳಿದಾಗ ನಮ್ಮ ಮಗಳು ಒಂದು ಮಾತು ಕೇಳಿದಳು. ಅಪ್ಪಾ, ಆ ತೋಟಕ್ಕೆ ಯಾರನ್ನ ಕಳಿಸ್ತಾರೆ? ಮತ್ತೆ ಮಾರ್ಕ್ಸ್ ಕಮ್ಮಿ ಇರೋರನ್ನೇ ಅಲ್ವಾ? ನಮಗೆ ತಟ್ಟನೆ ಉತ್ತರ ಬರಲಿಲ್ಲ. ಮರೆಮಾಚಿ ಏನು ಪ್ರಯೋಜನ, ನಮ್ಮ ಮಗನನ್ನು ನಾವೇ ಟೌನಿನ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದ್ದೇವೆ. ಮನೆಯಲ್ಲಿ ಎರಡು ಹಸು ಇದ್ದರೂ ಅವನಿಗೆ ಕರೆಯೋಕೆ ಬರುವುದಿಲ್ಲ. ಹಾಗಾಗಿ ಸಂಘದ ಠರಾವಿನಲ್ಲಿ ಒಂದು ಸಾಲು ಸೇರಿಸಬೇಕು ಅಂತ ಕೇಳುತ್ತಿದ್ದೇವೆ: ತೋಟದ ಪಿರಿಯಡ್ಡಿಗೆ ಕ್ಲಾಸಿನ ಅಷ್ಟೂ ಮಕ್ಕಳು ಹೋಗಬೇಕು, ರೋಲ್ ನಂಬರ್ ಪ್ರಕಾರ ಹೋಗಬೇಕು, ಫಸ್ಟ್ ರ‍್ಯಾಂಕಿನವರಿಗೂ ವಿನಾಯಿತಿ ಇಲ್ಲ. ಆ ಸಾಲು ಇಲ್ಲದೆ ಹೋದರೆ ಮಳಿಗೆಯನ್ನೇ ಕಟ್ಟಿಸಿ, ನಾವು ಅಡ್ಡ ಬರುವುದಿಲ್ಲ.

ತಂದೆಯವರ ನೋಟು ಪುಸ್ತಕ ತಂದಿದ್ದೇವೆ, ಈ ಟೇಬಲ್ಲಿನ ಮೇಲಿದೆ. ಹಾಳೆ ಉದುರುತ್ತಿದೆ, ನಿಧಾನವಾಗಿ ತಿರುವಿ ಹಾಕಿ ನೋಡಿ. ಮಹಾಸಭೆಯ ದಿನ ಈ ವಿಷಯ ಮತಕ್ಕೆ ಬರುತ್ತದೆ. ಷೇರುದಾರರು ಯಾರು ಯಾರಿದ್ದೀರೋ ದಯವಿಟ್ಟು ಊರಿಗೆ ಬನ್ನಿ. ಬೆಳಗಿನ ಹಾಲು ಮುಗಿದ ಮೇಲೆ ಹತ್ತೂವರೆಗೆ ಸಭೆ, ಊಟದ ವ್ಯವಸ್ಥೆ ಇದೆ.