ದತ್ತಿಯೊಡನೆ ಬಿತ್ತುವಟ್ಟವೂ ಇರಲಿ

(ಶಿಕ್ಷಕರ ಹಾಗೂ ನಾಗರಿಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಹಳ್ಳಿಗೂ ಒಕ್ಕಲುತನಕ್ಕೂ ಹೊರಗಿನಿಂದ ಬರುವ ದಾನಧನವು ಹೇಗೆ ಸಾರ್ಥಕವಾದೀತೆಂಬ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ತಾವು ನಮಗೆ ಅಪ್ಪಣೆಯಿತ್ತಿದ್ದೀರಿ. ದಾನವು ಒಳ್ಳೆಯದೆಂದು ಸಾಧಿಸುವದಕ್ಕೆ ವಕೀಲರ ವಾದವೇನೂ ಬೇಕಾಗಿಲ್ಲ. ವಿಚಾರಿಸತಕ್ಕ ಪ್ರಶ್ನೆ ಬೇರೆಯೇ ಇದೆ. ಕೊಟ್ಟವರು ಹಿಂದಿರುಗಿ ಹೋದ ಮೇಲೆ ಊರಿನಲ್ಲಿ ಏನು ಉಳಿಯಿತು? ಕೊಳವೆ ಬಾವಿಯ ಯಂತ್ರ ತುಕ್ಕು ಹಿಡಿದು, ದಾನಿಯ ಹೆಸರು ಕೊರೆದ ಕಲ್ಲು ಮಾತ್ರ ಗಟ್ಟಿಯಾಗಿ ನಿಂತಿರುವ ಊರನ್ನು ನಮ್ಮಲ್ಲಿ ಯಾರು ಕಂಡಿಲ್ಲ?

ನಮ್ಮ ಹಿರಿಯರು ಈ ಪ್ರಶ್ನೆಗೆ ಕಲ್ಲಿನ ಮೇಲೆಯೇ ಉತ್ತರ ಬರೆದಿಟ್ಟು ಹೋಗಿದ್ದಾರೆ. ಕನ್ನಡ ನಾಡಿನ ಶಾಸನಗಳಲ್ಲಿ ಕೆರೆ ಕಟ್ಟಿಸಿದ ಸುದ್ದಿಯೊಡನೆ ‘ಬಿತ್ತುವಟ್ಟ’ವೆಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಕೆರೆಯ ರಕ್ಷಣೆಗಾಗಿ ಭೂಮಿಯನ್ನಾಗಲಿ ಅದರ ಉತ್ಪನ್ನದ ಒಂದು ಭಾಗವನ್ನಾಗಲಿ ಶಾಶ್ವತವಾಗಿ ಬಿಟ್ಟುಕೊಡುವದೇ ಬಿತ್ತುವಟ್ಟ. ಕೆರೆಯನ್ನು ಕಟ್ಟಿಸಿದವನಿಗೂ ದುರಸ್ತಿ ಮಾಡಿದವನಿಗೂ ‘ಕಟ್ಟುಕೊಡಗೆ’ ಎಂದು ಭೂಮಿ ಕೊಡುತ್ತಿದ್ದರು. ಹೂಳೆತ್ತುವ ಬಂಡಿಗೂ ಅದನ್ನೆಳೆಯುವ ಕೋಣಗಳಿಗೂ ದತ್ತಿ ಬಿಟ್ಟ ಉದಾಹರಣೆಗಳುಂಟು. ಏರಿಯನ್ನು ಕಟ್ಟುವದು ಒಂದು ವರ್ಷದ ಕೆಲಸ, ಕಾಯುವದು ನೂರು ವರ್ಷದ ಕೆಲಸವೆಂಬ ಅರಿವು ಅವರಿಗಿತ್ತು. ಆದುದರಿಂದ ಕಟ್ಟುವ ದಿನವೇ ಕಾಯುವದರ ಏರ್ಪಾಡನ್ನೂ ಮಾಡಿದರು.

ಇನ್ನು ಈಗಿನ ಕಾಯದೆಯನ್ನು ನೋಡೋಣ. 2013ರ ಕಂಪನಿ ಕಾಯದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ನಿಶ್ಚಿತ ಮಿತಿಯನ್ನು ಮೀರಿದ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ನಿವ್ವಳ ಲಾಭದ ಸರಾಸರಿಯಲ್ಲಿ ಕನಿಷ್ಠ ಶೇಕಡಾ 2ರಷ್ಟನ್ನು ಲೋಕಹಿತದ ಕಾರ್ಯಗಳಿಗೆ ವೆಚ್ಚ ಮಾಡತಕ್ಕದ್ದು. ಆ ಕಾರ್ಯಗಳ ಪಟ್ಟಿಯಲ್ಲಿ ಗ್ರಾಮಾಭಿವೃದ್ಧಿಯೂ ಸೇರಿದೆ. ಇದು ಸಣ್ಣ ಮಾತಲ್ಲ. ಆದರೆ ಇದರಲ್ಲಿ ಎರಡು ತೊಡಕುಗಳಿವೆ. ಕಂಪನಿಯು ತಾನು ನೆಲೆಸಿದ ಪ್ರದೇಶಕ್ಕೂ ಅದರ ಸುತ್ತಮುತ್ತಲಿಗೂ ಪ್ರಾಶಸ್ತ್ಯ ಕೊಡಬೇಕೆಂದು ಅದೇ ಕಲಮಿನಲ್ಲಿದೆ. ಕಾರ್ಖಾನೆಯ ಹೊಗೆಯೂ ಕಾಣದಷ್ಟು ದೂರದ ಬೆದ್ದಲು ಸೀಮೆಯ ಊರಿಗೆ ಸಹಜವಾಗಿಯೇ ಪಾಲು ಕಡಿಮೆ. ಎರಡನೆಯದಾಗಿ, ಒಮ್ಮೆ ಕೈಕೊಂಡ ದೀರ್ಘ ಯೋಜನೆಯು ಆರಂಭದ ವರ್ಷವನ್ನು ಬಿಟ್ಟು 3 ವರ್ಷಗಳೊಳಗೆ ಮುಗಿಯಬೇಕೆಂದು ನಿಯಮವಿದೆ. ಅದು ಮುಗಿದ ಮರುವರ್ಷ ಒಡ್ಡು ಒಡೆದರೆ ಕಟ್ಟುವವರು ಯಾರು? ಇಲ್ಲಿ ಬಿತ್ತುವಟ್ಟವನ್ನು ಬರೆದವರಿಲ್ಲ.

ಹೊರಗಿನ ಧನವು ಊರಿನ ಸ್ವಂತ ಶಕ್ತಿಯೊಡನೆ ಕೂಡಿದಾಗ ಏನಾಗುವದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನಗಳಿವೆ. 1904ರ ಸಹಕಾರಿ ಕಾಯದೆಯು ಬಂದ ಮರುವರ್ಷವೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಊರವರನ್ನು ಕೂಡಿಸಿ ಸಹಕಾರಿ ಸಂಘವನ್ನು ಸ್ಥಾಪಿಸಿದರು. ಆ ಕಾಯದೆಯನ್ವಯ ದೇಶದಲ್ಲಿಯೇ ಮೊದಲನೆಯ ಸಂಘವೆಂದು ಅದು ಹೆಸರಾಗಿದೆ. ಸಾಹುಕಾರನ ಮನೆಯ ಬಾಗಿಲನ್ನು ಕಾಯುತ್ತಿದ್ದ ರೈತನು ತನ್ನ ಊರಿನ ಲೆಕ್ಕದ ಪುಸ್ತಕಕ್ಕೆ ತಾನೇ ಒಡೆಯನಾದನು.

ಎಂಬತ್ತು ವರ್ಷಗಳ ತರುವಾಯ ಇದೇ ತತ್ವವು ಮತ್ತೊಂದು ರೂಪದಲ್ಲಿ ಕಾಣಿಸಿಕೊಂಡಿತು. 1984–85ರ ಸುಮಾರಿಗೆ ಕೋಲಾರ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಮೈರಾಡ ಸಂಸ್ಥೆಯ ನೆರವಿನಿಂದ ನಡೆದಿದ್ದ ದೊಡ್ಡ ಸಹಕಾರಿ ಸಂಘಗಳು ಒಡೆದವು. ಒಬ್ಬರನ್ನೊಬ್ಬರು ನಂಬಿದ ಬಡವರು ಸಣ್ಣ ಸಣ್ಣ ಗುಂಪುಗಳಾಗಿ ಕೂಡಿ, ಉಳಿತಾಯ ಮಾಡಿ, ತಮ್ಮತಮ್ಮಲ್ಲಿ ಸಾಲ ಕೊಟ್ಟುಕೊಳ್ಳತೊಡಗಿದರು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿಗಳ ಅನುದಾನವಿತ್ತಿತು. ಆ ಹಣವು ಗುಂಪುಗಳ ಉಳಿತಾಯಕ್ಕೆ ಜೋಡಿಯಾಗಿ ಮೂಲಧನವಾಗಿ ಸೇರಿತು. ಯಾರಿಗೆ ಎಷ್ಟು ಸಾಲವೆಂಬುದನ್ನು ಗುಂಪಿನವರೇ ನಿರ್ಣಯಿಸಿದರು. 1992ರಲ್ಲಿ ಅದೇ ನಬಾರ್ಡ್ ದೇಶದಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯವನ್ನು ಆರಂಭಿಸಿತು. ಇಂದು ಊರೂರಿಗೆ ಕಾಣುವ ಸ್ವಸಹಾಯ ಸಂಘಗಳ ಮಾರ್ಗವು ಅಲ್ಲಿಂದ ವಿಶಾಲವಾಯಿತು. ಕೊಟ್ಟ ಹಣ ಅಲ್ಪ. ಆದರೆ ಅದು ಊರವರ ಕೂಡಿಟ್ಟ ಕಾಸಿನ ಮೇಲೆ ಬಿದ್ದುದರಿಂದ ಮೊಳೆಯಿತು.

ಇಲ್ಲಿ ಒಂದು ಆಕ್ಷೇಪ ಬರಬಹುದು. ಹೊಟ್ಟೆಗಿಲ್ಲದವನು ವಂತಿಗೆಯನ್ನೆಲ್ಲಿಂದ ತರಬೇಕು? ನ್ಯಾಯವಾದ ಮಾತು. ಬರಗಾಲದಲ್ಲಿ ಗಂಜಿ ಹಾಕುವಾಗ ಕರಾರು ಕೇಳುವದು ನೀಚತನ. ಹಸಿದವನಿಗೆ ಮೊದಲು ಅನ್ನ. ಆದರೆ ಕೆರೆ, ಒಡ್ಡು, ಬೀಜದ ಉಗ್ರಾಣ, ಹಾಲಿನ ಸಂಘ ಇವು ಇಂದಿನ ಊಟಗಳಲ್ಲ, ಮುಂದಿನ ಪೀಳಿಗೆಯ ಆಸ್ತಿ. ಇವುಗಳಲ್ಲಿ ಬಡವನು ಹಣವನ್ನು ಕೊಡಲಾರದಿದ್ದರೆ ದುಡಿಮೆಯನ್ನು ಕೊಟ್ಟಾನು. ಅದೂ ಆಗದಿದ್ದರೆ ಪಂಚರ ಸಭೆಯಲ್ಲಿ ಕುಳಿತು ತನ್ನ ಅಭಿಪ್ರಾಯ ಕೊಟ್ಟಾನು. ಅಭಿಪ್ರಾಯವೂ ವಂತಿಗೆಯೇ. ಅದನ್ನು ಕೇಳದೆ ಕೊಟ್ಟ ದಾನವು ಮನುಷ್ಯನನ್ನು ಸಣ್ಣವನನ್ನಾಗಿ ಮಾಡುವದು.

ಶಿಕ್ಷಕ ಬಂಧುಗಳೇ, ಅನುದಾನದ ಅರ್ಜಿಯನ್ನು ಬರೆಯಿಸಿಕೊಳ್ಳಲು ಊರವರು ಬರುವದು ತಮ್ಮ ಬಳಿಗೆ; ಕರಾರುಪತ್ರವನ್ನು ಓದಿಸಿಕೊಳ್ಳಲು ಬರುವದು ನಮ್ಮಂಥ ವಕೀಲರ ಬಳಿಗೆ. ಆದುದರಿಂದ ಮೂರು ಪ್ರಶ್ನೆಗಳನ್ನು ಕೇಳದೆ ಯಾವ ಕಾಗದಕ್ಕೂ ಸಹಿ ಬೀಳದಂತೆ ನಾವೆಲ್ಲರೂ ನೋಡಿಕೊಳ್ಳೋಣ. ಮೊದಲನೆಯದು, ಆಸ್ತಿಯು ಯಾರ ಹೆಸರಿನಲ್ಲಿರುವದು? ಕಂಪನಿಯ ಹಣದಿಂದಾದ ಆಸ್ತಿಯು ಕಂಪನಿಯಲ್ಲಿಯೇ ಉಳಿಯಕೂಡದೆಂದೂ, ಫಲಾನುಭವಿಗಳ ಸ್ವಸಹಾಯ ಗುಂಪು ಅಥವಾ ಸಂಘದ ಹೆಸರಿಗೂ ಅದನ್ನು ಮಾಡಬಹುದೆಂದೂ 2021ರ ತಿದ್ದುಪಡಿಯ ನಿಯಮಗಳು ಹೇಳುತ್ತವೆ. ಈ ಹಕ್ಕನ್ನು ನಮ್ಮ ಊರುಗಳು ಕೇಳಿ ಪಡೆಯಬೇಕು. ಎರಡನೆಯದು, ಹಣ ನಿಂತ ಮೇಲೆ ದುರಸ್ತಿಯ ವೆಚ್ಚ ಎಲ್ಲಿಂದ? ನೀರಿನ ಕರವೋ, ಕೆರೆಯ ಮೀನಿನ ಹರಾಜಿನ ಹಣವೋ, ಎಕರೆಗಿಷ್ಟು ಕಾಳೋ, ಏನಾದರೊಂದು ಬಿತ್ತುವಟ್ಟವನ್ನು ಮೊದಲ ದಿನವೇ ಬರೆಯಿರಿ. ಮೂರನೆಯದು, ಲೆಕ್ಕವನ್ನು ಎಲ್ಲಿ ಓದುವರು? ಗ್ರಾಮಸಭೆಯಲ್ಲಿ, ಕನ್ನಡದಲ್ಲಿ, ಎಲ್ಲರಿಗೂ ಕೇಳುವಂತೆ ಓದಬೇಕು. ಊರವರಿಗೆ ತಿಳಿಯದ ಭಾಷೆಯಲ್ಲಿ ಅಚ್ಚಾದ ವರದಿಯು ದಾನಿಗೆ ಅಲಂಕಾರವಾದೀತು, ಊರಿಗೆ ಅದರಿಂದ ಪ್ರಯೋಜನವಿಲ್ಲ.

ಪಟ್ಟಣದ ಮಹನೀಯರಲ್ಲಿಯೂ ಒಂದು ವಿಜ್ಞಾಪನೆ. ತಾವು ಉಣ್ಣುವ ಜೋಳ ಹಳ್ಳಿಯದು. ತಮ್ಮಲ್ಲನೇಕರ ತಂದೆತಾಯಂದಿರು ಹಳ್ಳಿಯವರು. ಕೊಡುವಾಗ ಉಪಕಾರವೆಂದು ಕೊಡಬೇಡಿರಿ, ಋಣವೆಂದು ಕೊಡಿರಿ. ಕಲ್ಲಿನ ಮೇಲೆ ಹೆಸರು ಕೆತ್ತಿಸಲೇಬೇಕೆಂದಿದ್ದರೆ ಆ ಹೆಸರಿನ ಕೆಳಗೆ ಇನ್ನೊಂದು ಸಾಲನ್ನೂ ಕೆತ್ತಿಸಿರಿ: ಇದನ್ನು ಕಾಯುವವರು ಯಾರು, ಯಾವ ಹಣದಿಂದ. ಆ ಒಂದು ಸಾಲಿದ್ದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಕೆರೆಯಲ್ಲಿ ನೀರಿದ್ದೀತು.