ಹಳೆಯ ಯಂತ್ರಗಳ ಬೀಳ್ಕೊಡುಗೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಾಠ ಹೇಳುವುದು ನಮ್ಮ ವೃತ್ತಿ. ಕಂಪ್ಯೂಟರಿನ ವಿಷಯವಾಗಿ ಮಾತನಾಡಲು ಇವರಿಗೇನು ಅಧಿಕಾರವೆಂದು ತಮ್ಮಲ್ಲಿ ಕೆಲವರಿಗೆ ಅನ್ನಿಸುವುದು ಸಹಜವೇ. ಅಧಿಕಾರವಿಲ್ಲ, ಅನುಭವವೊಂದುಂಟು. ಅದನ್ನೇ ಅರಿಕೆ ಮಾಡಿಕೊಳ್ಳುತ್ತೇವೆ.

ಹಳೆಯ ವಿದ್ಯಾರ್ಥಿಯೊಬ್ಬರು ನಮ್ಮ ವಾಚನಾಲಯಕ್ಕೆಂದು ತಮ್ಮ ಮನೆಯ ಹಳೆಯ ಕಂಪ್ಯೂಟರೊಂದನ್ನು ಪ್ರೀತಿಯಿಂದ ಕೊಟ್ಟರು. ಕೇರಳದ ಶಾಲೆಗಳಲ್ಲಿ ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶವೇ ಬಳಕೆಯಲ್ಲಿರುವುದರಿಂದ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಅದರ ಪರಿಚಯವಿದೆ. ಅವರೇ ಕುಳಿತು ಅದರ ಹೊಸ ಆವೃತ್ತಿಯನ್ನು ಆ ಯಂತ್ರಕ್ಕೆ ಹಾಕಲು ಹೊರಟರು. ಈ ತಂತ್ರಾಂಶಕ್ಕೆ 64 ಬಿಟ್ಟಿನ ಪ್ರೊಸೆಸರ್ ಬೇಕು, ಈ ಯಂತ್ರದಲ್ಲಿ ಅದಿಲ್ಲ ಎಂಬರ್ಥದ ಒಂದು ಸಾಲು ಪರದೆಯ ಮೇಲೆ ಮೂಡಿ ಕೆಲಸ ಅಲ್ಲಿಗೇ ನಿಂತಿತು. "ಮಾಸ್ಟ್ರೇ, ಯಂತ್ರ ಕೆಟ್ಟಿಲ್ಲ. ಮತ್ತೆ ಯಾಕೆ ಬೇಡ ಅಂತದೆ?" ಎಂದು ಒಬ್ಬ ಹುಡುಗ ಕೇಳಿದನು. ನಮ್ಮಲ್ಲಿ ಉತ್ತರವಿರಲಿಲ್ಲ. ಹುಡುಕಿ ತಿಳಿದುಕೊಂಡುದನ್ನು ಇಂದು ತಮ್ಮ ಮುಂದಿಡುತ್ತಿದ್ದೇವೆ.

ಲಿನಕ್ಸ್ ಹುಟ್ಟಿದ್ದು 1991ರಲ್ಲಿ, ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ. ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಅದನ್ನು ಬರೆದುದು ಇಂಟೆಲ್ 386 ಪ್ರೊಸೆಸರಿನ ಯಂತ್ರಕ್ಕಾಗಿ. ಹೀಗೆ 386 ಲಿನಕ್ಸಿನ ತವರುಮನೆಯೇ ಸರಿ. ಆದರೂ 2012ರ ಡಿಸೆಂಬರಿನಲ್ಲಿ ಆ ತವರನ್ನೇ ಬಿಡುವ ನಿರ್ಧಾರವಾಯಿತು. 2013ರ ಫೆಬ್ರವರಿಯಲ್ಲಿ ಹೊರಬಂದ 3.8ನೆಯ ಆವೃತ್ತಿ 386ರ ಮೇಲೆ ನಡೆಯಲಿಲ್ಲ. ತೆಗೆದುಹಾಕುವ ತಿದ್ದುಪಡಿಗಳನ್ನು ಟೊರ್ವಾಲ್ಡ್ಸರಿಗೆ ಕಳುಹಿಸಿದ ಇಂಗೋ ಮೋಲ್ನಾರ್ ಅವರು, ಟೊರ್ವಾಲ್ಡ್ಸರ 1991ರ ಹಳೆಯ 386 ಯಂತ್ರವೂ ಇನ್ನು ಹೊಸ ಲಿನಕ್ಸಿಗೆ ಒದಗದೆಂದು ಬರೆದರು. ಟೊರ್ವಾಲ್ಡ್ಸರಾದರೋ ತಮಗೆ ಅಂಥ ಭಾವುಕತೆಯಿಲ್ಲವೆಂದು ಅದನ್ನು ಸ್ವೀಕರಿಸಿಬಿಟ್ಟರು.

ಇದಕ್ಕೆ ಕಾರಣವೇನು? 386ರ ತರುವಾಯ ಬಂದ ಪ್ರೊಸೆಸರುಗಳು ಕಲಿತಿದ್ದ ಕೆಲವು ಆಜ್ಞೆಗಳು 386ಕ್ಕೆ ಬಾರವು. ಹಲವು ಪ್ರೊಸೆಸರುಗಳು ಒಟ್ಟಾಗಿ ದುಡಿಯುವ ಇಂದಿನ ಯಂತ್ರಗಳಿಗಾಗಿ ಏನನ್ನು ತಿದ್ದಹೋದರೂ, ಆ ಹಿರಿಯನಿಗಾಗಿ ಬೇರೊಂದು ಬಳಸುದಾರಿಯನ್ನು ಬರೆಯಬೇಕಾಗುತ್ತಿತ್ತು. ಬರೆದುದನ್ನು ಪರೀಕ್ಷಿಸೋಣವೆಂದರೆ ಅಂಥ ಯಂತ್ರವನ್ನು ಇಟ್ಟುಕೊಂಡವರೇ ವಿರಳ. ಪರೀಕ್ಷಿಸದ ಬರಹದಲ್ಲಿ ದೋಷ ಅಡಗಿರುವುದು ಸಹಜ. ಆ ದೋಷ ಉಳಿದೆಲ್ಲರಿಗೂ ತಗಲುವ ಸಂಭವವುಂಟು. ಆದರೆ ಯಾರನ್ನೂ ಒಮ್ಮೆಲೇ ಬೀದಿಗೆ ತಳ್ಳಲಿಲ್ಲ. ಹಿಂದಿನ 3.2ನೆಯ ಆವೃತ್ತಿಯನ್ನು 2018ರವರೆಗೂ ತಿದ್ದುತ್ತ ಕಾಪಾಡಿದರು.

ನಮ್ಮ ವಾಚನಾಲಯದ ಯಂತ್ರ 386ರಷ್ಟು ಹಳೆಯದಲ್ಲ. ಆದರೆ ಅದೂ 32 ಬಿಟ್ಟಿನ ಪೀಳಿಗೆಯದು. ಆ ಪೀಳಿಗೆಯ ಸರದಿಯೂ ಈಗ ಬಂದಿದೆ. ಡೆಬಿಯನ್ ಎಂಬ ಪ್ರಸಿದ್ಧ ವ್ಯವಸ್ಥೆಯು 2025ರ ಆಗಸ್ಟಿನಲ್ಲಿ ಬಂದ ತನ್ನ 13ನೆಯ ಆವೃತ್ತಿಯಿಂದ ಇಂಥ ಪಿ.ಸಿ.ಗಳಲ್ಲಿ ಹೊಸದಾಗಿ ಸ್ಥಾಪಿಸುವ ಸೌಕರ್ಯವನ್ನು ನಿಲ್ಲಿಸಿತು.

ಹಾಗಾದರೆ ಹಳೆಯದೆಲ್ಲ ಹೋಗಲೇಬೇಕೆ? ಇಲ್ಲಿಯೇ ನಾವು ಗಮನಿಸತಕ್ಕ ಸಂಗತಿಯೊಂದಿದೆ. 2018ರ 4.17ನೆಯ ಆವೃತ್ತಿಯಲ್ಲಿ ಲಿನಕ್ಸ್ ಎಂಟು ಬಗೆಯ ಪ್ರೊಸೆಸರುಗಳನ್ನು ಒಟ್ಟಿಗೆ ಬಿಟ್ಟಿತು. ಅವೆಲ್ಲಕ್ಕಿಂತ ಹಿರಿದಾದ ಮೊಟೊರೋಲಾ 68000 ವಂಶ ಮಾತ್ರ ಉಳಿಯಿತು. 2001ರಲ್ಲಿ ದೊಡ್ಡ ಕಂಪೆನಿಗಳ ಬಲದಿಂದ ಪೇಟೆಗೆ ಬಂದ ಇಟಾನಿಯಂ, 2024ರ ಜನವರಿಯಲ್ಲಿ ಬಂದ 6.7ನೆಯ ಆವೃತ್ತಿಯಲ್ಲಿ ಹೋಯಿತು. ಅಮಿಗಾ, ಅಟಾರಿಯಂಥ ಮನೆಬಳಕೆಯ ಯಂತ್ರಗಳಲ್ಲಿದ್ದ 68000 ವಂಶ ಆಗಲೂ ಇತ್ತು. ಹಣವಾಗಲಿ ವಯಸ್ಸಾಗಲಿ ಇದಕ್ಕೆ ಕಾರಣವಲ್ಲ. ಅದರ ಹೊಣೆಯನ್ನು ಹೊತ್ತು, ಬಿಡುವಿನ ವೇಳೆಯಲ್ಲಿ ತಿದ್ದಿ ಪರೀಕ್ಷಿಸುವ ಕೆಲವೇ ಮಂದಿ ಇದ್ದರು, ಅಷ್ಟೇ. ಲಿನಕ್ಸಿನ ಬರಹದೊಳಗೆ, ಯಾವ ಭಾಗಕ್ಕೆ ಯಾರು ಪಾಲಕರೆಂಬ ಪಟ್ಟಿಯೊಂದಿದೆ. ಪಾಲಕರಿಲ್ಲದ ಭಾಗದ ಮುಂದೆ 'ಅನಾಥ' ಎಂಬರ್ಥದ ಮಾತನ್ನು ಬರೆದಿರುತ್ತಾರೆ. ಅನಾಥವಾದುದು ಬಹುಕಾಲ ಉಳಿಯುವುದು ಕಷ್ಟ.

ಕನ್ನಡದ ವಿದ್ಯಾರ್ಥಿಗಳಾದ ನಮಗೆ ಇದು ಹೊಸ ಸಂಗತಿಯಲ್ಲ. ಇಂದು ನಾವು 'ಹಳೆಯ' ಎನ್ನುವ ಮಾತನ್ನೇ ಹಳಗನ್ನಡದಲ್ಲಿ 'ಪೞೆಯ' ಎಂದು ಬರೆಯುತ್ತಿದ್ದರು. 'ಆರು' ಎಂಬುದನ್ನು 'ಆಱು' ಎಂದು ಬರೆಯುತ್ತಿದ್ದರು. ಉಚ್ಚಾರಣೆಯ ಭೇದ ಅಳಿದ ಮೇಲೆ ೞ, ಱ ಎಂಬ ಈ ಎರಡು ಅಕ್ಷರಗಳು ನಿತ್ಯದ ಬರಹದಿಂದ ನಿವೃತ್ತವಾದುವು. ಮಕ್ಕಳ ವರ್ಣಮಾಲೆಗೆ ಅವುಗಳ ಹೊರೆ ಬೇಡವೆಂದದ್ದು ನ್ಯಾಯವೇ. ಆದರೆ ಕೇಶಿರಾಜನನ್ನೂ ಪಂಪನನ್ನೂ ಓದುವವರಿಗಾಗಿ ಪಂಡಿತರು ಅವುಗಳನ್ನು ಗ್ರಂಥಗಳಲ್ಲಿ ಕಾಪಾಡಿದರು. ಇಂದು ಯೂನಿಕೋಡಿನಲ್ಲಿಯೂ ಅವುಗಳಿಗೆ ಸ್ಥಾನವಿದೆ. ಬಳಕೆಯಿಂದ ಬಿಡುವುದು ಬೇರೆ, ನಾಶಮಾಡುವುದು ಬೇರೆ. ಮುಕ್ತ ತಂತ್ರಾಂಶದಲ್ಲಿಯೂ ಹೀಗೆಯೇ. 386 ಬಲ್ಲ ಹಳೆಯ ಆವೃತ್ತಿಗಳು ಇಂದಿಗೂ ಎಲ್ಲರ ಕೈಗೆ ಸಿಗುವಂತಿವೆ. ಬಲ್ಲವರು ಬಂದರೆ ಅಲ್ಲಿಂದ ಮುಂದುವರಿಸಬಹುದು. ಯಾರ ಅಪ್ಪಣೆಯೂ ಬೇಡ. ಮೂಲ ಬರಹವನ್ನು ಮುಚ್ಚಿಟ್ಟು ಮಾರುವ ತಂತ್ರಾಂಶದಲ್ಲಿ ಬಳಸುವವರಿಗೆ ಈ ದಾರಿಯಿಲ್ಲ.

ಇನ್ನು ಮನೆಮಂದಿಗೆ ಎರಡು ಮಾತು. ಹಳೆಯ ಕಂಪ್ಯೂಟರನ್ನು ಕೊಳ್ಳುವ ಮುನ್ನ ಅದರ ಪ್ರೊಸೆಸರು 64 ಬಿಟ್ಟಿನದೇ ಎಂದು ಕೇಳಿ ತಿಳಿಯಿರಿ. ತಿದ್ದುಪಡಿ ನಿಂತುಹೋದ ವ್ಯವಸ್ಥೆಯಲ್ಲಿ ಬ್ಯಾಂಕಿನ ವ್ಯವಹಾರವನ್ನು ಮಾಡಬೇಡಿರಿ. ಅದರಲ್ಲಿ ಹೊಸದಾಗಿ ಕಂಡುಬರುವ ಬಿರುಕುಗಳನ್ನು ಮುಚ್ಚುವವರಿರುವುದಿಲ್ಲ. ಹಾಗೆಂದು ಯಂತ್ರವನ್ನು ಗುಜರಿಗೆ ಹಾಕಲು ಅವಸರವೂ ಬೇಡ.

ನಮ್ಮ ವಾಚನಾಲಯದ ಯಂತ್ರಕ್ಕೆ, 32 ಬಿಟ್ಟನ್ನು ಒಪ್ಪುವ, 2023ರ ಡೆಬಿಯನ್ 12ನ್ನು ಮಕ್ಕಳೇ ಹುಡುಕಿ ಹಾಕಿದರು. ಅಂತರಜಾಲದ ಸಂಪರ್ಕ ಕೊಟ್ಟಿಲ್ಲ. ಸಂಘದ ಹಳೆಯ ಸಂಚಿಕೆಗಳ ಪುಟಗಳನ್ನು ಅದರಲ್ಲಿ ಬೆರಳಚ್ಚು ಮಾಡುತ್ತಿದ್ದಾರೆ. ಪ್ರಶ್ನೆ ಕೇಳಿದ ಹುಡುಗನೇ ಈಗ ಅದರ ಮೇಲ್ವಿಚಾರಕ. ಅವನು ಶಾಲೆ ಬಿಟ್ಟುಹೋದ ಮೇಲೆ ಯಾರೆಂಬುದನ್ನು ನಾವು ಈಗಲೇ ಯೋಚಿಸಬೇಕಾಗಿದೆ. ಗಡಿಯ ಈಚೆ ಒಂದೊಂದು ಕನ್ನಡ ತರಗತಿಯನ್ನು ಉಳಿಸಿಕೊಳ್ಳಲು ಹೆಣಗುತ್ತಿರುವ ನಮಗೆ, ಪಾಲಕರಿಲ್ಲದುದರ ಗತಿ ಏನೆಂಬುದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಈ ಸಭೆಯಲ್ಲಿರುವ ಮಕ್ಕಳಲ್ಲಿ ಇಬ್ಬರಾದರೂ ನಾಳೆ ವಾಚನಾಲಯಕ್ಕೆ ಬಂದು ಆ ಕೆಲಸವನ್ನು ಕಲಿಯಬೇಕೆಂದು ಪ್ರಾರ್ಥಿಸಿ ನಮ್ಮ ಮಾತನ್ನು ಮುಗಿಸುತ್ತೇವೆ.